ಅರ್ಧ ಕಟಿಂಗ್

ಹನೂರು ರಸ್ತೆ, ನಮ್ಮೂರು
9 ಫೆಬ್ರವರಿ 2026, ಸೋಮವಾರ

ನಟರಾಜುಗೆ,

ಜೈಭೀಮ್.

ಶಾಂತಿ ಸಭೆಯಲ್ಲಿ ಊರಿನವರು ಕೊಟ್ಟ ಮಾತುಗಳನ್ನು ಮೊದಲು ಬರೆದುಬಿಡುತ್ತೇನೆ. ಶಾಂತರಾಜುವಿನ ಅಂಗಡಿಯಲ್ಲಿ ಊರಿನ ಎಲ್ಲ ತಲೆಗಳಿಗೂ ಕಟಿಂಗ್ ಆಗುತ್ತದೆ ಎಂದರು. ಆಗಲಿಲ್ಲ. ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಲೋಟ ಎಂದರು. ನಮಗೆ ಪೇಪರ್ ಲೋಟ ತಂದರು, ಅವರಿಗೆ ಗಾಜಿನದು ಹಾಗೇ ಉಳಿಯಿತು. ಕೂಲಿಗೆ ಎಂದಿನಂತೆ ಕರೆಯುತ್ತೇವೆ ಎಂದರು. ಅರಿಸಿನ ಕೀಳುವ ಕಾಲಕ್ಕೆ ತಮಿಳುನಾಡಿನ ಕಡೆಯಿಂದ ಲಾರಿಯಲ್ಲಿ ಆಳು ಇಳಿಸಿದರು. ನಮ್ಮ ಬೀದಿಯ ಕರೆಂಟ್ ಲೈನು ಮುಟ್ಟುವುದಿಲ್ಲ ಎಂದರು. ಶಾಂತಿ ಸಭೆ ಮುಗಿದ ವಾರದಲ್ಲೇ ಕರೆಂಟ್ ಕಟ್ ಆಯಿತು. ಊರಿನೊಳಗೆ ಮಾತ್ರ ದೀಪ ಉರಿಯುತ್ತಲೇ ಇತ್ತು.

ಇವು ಅವರು ಕೊಟ್ಟು ತಪ್ಪಿದ ಮಾತು. ನೀನು ಕೊಟ್ಟದ್ದು ಒಂದೇ ಮಾತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ಮೈಕ್ ಹಿಡಿದು, ಮಾದಸ್ವಾಮಿಯನ್ನು ಎಳೆದು ಇಳಿಸಿದ ಊರಿನಲ್ಲೇ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಕಟಿಂಗ್ ಮಾಡಿಸುತ್ತೇನೆ ಎಂದಿದ್ದೆ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅದೂ ಆಗಲಿಲ್ಲ.

ಕ್ಷೇಮ ಸಮಾಚಾರ ಕೇಳಬೇಕಾದ ಜಾಗದಲ್ಲಿ ಇದನ್ನು ಬರೆದೆ. ಅತ್ತೆಗೆ ಮಂಡಿನೋವು, ಮನೆಗೆ ಸೂರಿದೆ, ನಿನ್ನ ತಂಗಿ ರೂಪ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕ್ಷೇಮ ಇಷ್ಟೇ.

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಬನಿಯನ್ ಕಂಪನಿಯ ಕಟಿಂಗ್ ಸೆಕ್ಷನ್ನಿನಲ್ಲಿ ಮಷೀನಿನ ಸದ್ದಿಗೆ ಫೋನ್ ಕೇಳಿಸುವುದಿಲ್ಲ ಎಂದು ನಿನ್ನ ತಂಗಿಯ ಹತ್ತಿರ ಹೇಳಿದ್ದೀಯಂತೆ, ಅತ್ತೆ ಹೇಳಿದಳು. ಕೇಳಿಸದವನು ಕಟ್ ಹೇಗೆ ಮಾಡುತ್ತಾನೆ? ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ನಿನ್ನ ಕಣ್ಣು ಇದರ ಮೇಲೆ ಒಂದು ಸಲವಾದರೂ ಓಡುತ್ತದೆ. ತಿರುಪ್ಪೂರಿನವರೆಗೆ ಹೋಗಿ ಅಡಗಿ ಕೂತವನಿಗೆ ಅಷ್ಟಾದರೂ ಆಗಲಿ.

ನಿನ್ನ ಅವ್ವ ಚಿಕ್ಕನಿಂಗಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಂಗ್ಲಿಷಿನಲ್ಲಿ ಅವಳಿಗೆ ಚೆನ್ನಾಗಿ ಬರುವ ಮಾತು ಒಂದೇ, ಕಟ್. ಪಿಂಚಣಿ ಬರಲಿಲ್ಲ ಎಂದರೆ ಕಟ್. ರೇಷನ್ ಅಕ್ಕಿ ಕಮ್ಮಿಯಾದರೆ ಕಟ್. ನರೇಗಾ ಕೆಲಸದ ಪಟ್ಟಿಯಿಂದ ಹೆಸರು ಹೋದರೆ ಕಟ್. ಮಧುವನಹಳ್ಳಿ ಕಡೆಯಿಂದ ಬರುತ್ತಿದ್ದ ಸಂಜೆ ಬಸ್ಸು ನಿಂತಾಗ ಕಟ್. ಮೊನ್ನೆ ನಿನ್ನ ವಿಷಯ ಬಂದಾಗಲೂ, ಅವನು ಮನೆ ಕಟ್ ಮಾಡ್ಕಂಡು ಓದ ಎಂದಳು. ಅವಳು ಕನ್ನಡ ಬಾರದವಳೇನೂ ಅಲ್ಲ. ರಾಗಿ ಕುಯ್ಯುತ್ತಾಳೆ, ಮುಳ್ಳು ಕಡಿಯುತ್ತಾಳೆ, ಸೊಪ್ಪು ಹೆಚ್ಚುತ್ತಾಳೆ, ಸೌದೆ ಸೀಳುತ್ತಾಳೆ. ಒಂದೊಂದು ಕೆಲಸಕ್ಕೆ ಒಂದೊಂದು ಮಾತು ಅವಳ ಬಾಯಲ್ಲಿದೆ. ಕುಡುಗೋಲು ತನ್ನ ಕೈಯಲ್ಲಿದ್ದಾಗ ಅದಕ್ಕೆ ಕನ್ನಡ. ತನ್ನ ಮೇಲೆ ಬಿದ್ದಾಗ ಕಟ್.

ನಾವೆಲ್ಲ ಹಾಗೇ ಮಾತಾಡುತ್ತೇವೆ ಎಂದು ನನಗೆ ಈಗೀಗ ಹೊಳೆಯುತ್ತಿದೆ. ಕರೆಂಟ್ ಕಟ್ ಆಯ್ತು, ಕೂಲಿ ಕಟ್ ಆಯ್ತು, ಸಂಬಂಧ ಕಟ್ ಆಯ್ತು. ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ. ಮಾಡಿದವನು ಯಾರು ಎಂಬುದು ಆ ಮಾತಿನೊಳಗೆ ಎಲ್ಲೂ ಇಲ್ಲ. ಕಟ್ ಆಗುವುದಿಲ್ಲ ನಟರಾಜು, ಮಾಡುತ್ತಾರೆ. ಮಾಡುವವರಿಗೆ ಹೆಸರಿದೆ, ಮನೆಯಿದೆ, ಹೊಲವಿದೆ. ಚಳವಳಿಯ ತರಬೇತಿಯಲ್ಲಿ ನೀನೇ ನನಗೆ ಹೇಳಿಕೊಟ್ಟದ್ದು ಇದು. ಮಾಡಿದವನ ಹೆಸರು ಹೇಳದ ದೂರು ದೂರಲ್ಲ, ಗೋಳು ಎಂದಿದ್ದೆ.

ಹಾಗಾದರೆ ಹೆಸರು ಹಿಡಿದೇ ಬರೆಯುತ್ತೇನೆ. ನಿನಗೆ ಗೊತ್ತಿರುವ ಕಥೆಯೇ. ಆದರೆ ನೀನು ಗೊತ್ತಿಲ್ಲದವನ ಹಾಗೆ ಆಡುತ್ತಿರುವುದರಿಂದ ಮೊದಲಿಂದ ಬರೆಯಬೇಕಾಗಿದೆ.

ಊರಿನವರಿಗೆ ನಮ್ಮ ಬೀದಿ ಹೊರಗೆ. ನಮ್ಮ ಬೀದಿಗೆ ಕೆಳಗಿನ ಬೀದಿ ಹೊರಗೆ. ಮಾದಸ್ವಾಮಿ ಆ ಕೆಳಗಿನ ಬೀದಿಯವನು, ಕಬ್ಬು ಕಟಾವಿನ ಗ್ಯಾಂಗಿನವನು. ಊರೊಳಗಿನ ವೃಷಭೇಂದ್ರಪ್ಪನ ತೋಟದ ಕಬ್ಬು ವರ್ಷಾವರ್ಷ ಅವನ ಮಚ್ಚಿಗೇ ಬೀಳುತ್ತಿತ್ತು. ಕಟಾವಿನ ಕಾಲದಲ್ಲಿ ಸೋಗೆಯ ಧೂಳು ಕೂದಲಿಗೆ ಸೇರಿ ತಲೆಯೆಲ್ಲ ತುರಿಕೆ. ಎರಡು ಬೀದಿಯವರೂ ಕಟಿಂಗಿಗೆ ಹನೂರಿಗೆ ಹೋಗುವುದು ನಮ್ಮ ಅಪ್ಪಂದಿರ ಕಾಲದ ರೂಢಿ. ಅಲ್ಲಿ ಹೆಸರು ಕೇಳುವವರಿಲ್ಲ. ಹೋದ ವರ್ಷ ಯುಗಾದಿಯ ಹಿಂದಿನ ದಿನ ಮಾದಸ್ವಾಮಿಗೆ ಹನೂರಿನ ಬಸ್ಸು ತಪ್ಪಿತು. ಬೀಗರ ಮನೆಗೆ ಹೋಗಬೇಕಿತ್ತು. ರಸ್ತೆಯಲ್ಲಿ ಶಾಂತರಾಜುವಿನ ಅಂಗಡಿ ಖಾಲಿಯಿತ್ತು. ಒಳಗೆ ಹೋಗಿ ಕೂತ.

ಶಾಂತರಾಜುವನ್ನು ನಾನು ಎಷ್ಟೋ ಸಲ ಬೈದಿದ್ದೇನೆ, ಈಗ ಬೈಯುವುದಕ್ಕೆ ಬಾಯಿ ಬರುವುದಿಲ್ಲ. ಅವನ ಅಂಗಡಿಯ ಗೋಡೆ ವೃಷಭೇಂದ್ರಪ್ಪನದು. ವರ್ಷಕ್ಕೆ ಸಿಗುವ ರಾಗಿ ಊರಿನವರದು. ಕೈ ಮಾತ್ರ ಅವನದು. ಇದೇ ಕೈ ದೀಪಾವಳಿ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ತೆಗೆಯುತ್ತದೆ. ಅಲ್ಲಿ ಸಾಲಿನಲ್ಲಿ ಬಂದು ಕೂತವರ ತಲೆಗೆ ನೀರು ಹಚ್ಚಿ ಬೋಳಿಸುತ್ತಾನೆ, ಯಾವ ಬೀದಿ ಎಂದು ಕೇಳುವುದಿಲ್ಲ. ಮಾದಸ್ವಾಮಿಯ ತಲೆಯನ್ನೂ ಒಂದು ಸಲ ಬೆಟ್ಟದಲ್ಲಿ ಅವನೇ ಬೋಳಿಸಿದ್ದನಂತೆ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಬೆಟ್ಟ ಇಳಿದರಂತೆ. ಹನೂರು ದಾಟುತ್ತಲೇ ಶಾಂತರಾಜು ಎದ್ದು ಮುಂದಿನ ಸೀಟಿಗೆ ಹೋದನಂತೆ. ದೇವರಿಗೆ ಕೊಡುವ ಕೂದಲಿಗೆ ಮೈಲಿಗೆಯಿಲ್ಲ, ಊರಿನ ಕೂದಲಿಗೆ ಇದೆ.

ಆ ದಿನ ಅವನು ಧೈರ್ಯ ಮಾಡಿ ಕತ್ತರಿ ಎತ್ತಿಕೊಂಡ. ಎಡಗಡೆ ಮುಗಿದಿತ್ತು. ಶೇವಿಂಗಿಗೆ ಬಂದ ವೃಷಭೇಂದ್ರಪ್ಪ ಬಾಗಿಲಲ್ಲಿ ನಿಂತು, ಯಾರ ಕುರ್ಚಿ ಮೇಲೆ ಯಾರು ಕುಂತಿರೋದು ಎಂದು ಕೇಳಿದ. ಶಾಂತರಾಜು ಮಾದಸ್ವಾಮಿಯ ಕಿವಿಯ ಹತ್ತಿರ ಬಗ್ಗಿ, ಎದ್ದೇಳಪ್ಪ, ನನ್ ಹೊಟ್ಟೆ ಮೇಲೆ ಹೊಡೀಬ್ಯಾಡ ಎಂದನಂತೆ. ಏಳುವ ಮೊದಲೇ ವೃಷಭೇಂದ್ರಪ್ಪ ಕತ್ತಿನ ಬಟ್ಟೆ ಹಿಡಿದು ಎಳೆದು ರಸ್ತೆಗೆ ಬಿಸಾಕಿದ.

ಮಾದಸ್ವಾಮಿ ನೇರವಾಗಿ ಬಂದದ್ದು ನಮ್ಮ ಮನೆಗೆ. ನೀನು ಜಗಲಿಯ ಮೇಲೆ ಪೇಪರ್ ಓದುತ್ತಿದ್ದೆ. ಅವನ ಕತ್ತಿನಲ್ಲಿ ಅಂಗಡಿಯ ಬಿಳಿ ಬಟ್ಟೆ ಹಾಗೇ ಇತ್ತು. ಎಡಗಡೆ ಕಿವಿ ಕಾಣುತ್ತಿತ್ತು, ಬಲಗಡೆ ಕೂದಲು ಕಿವಿಯನ್ನು ಮುಚ್ಚಿತ್ತು. ನಾನು ಚೊಂಬಿನಲ್ಲಿ ನೀರು ಕೊಟ್ಟೆ. ಅವನು ಬಾಯಿಗೆ ತಾಗಿಸದೆ ಎತ್ತಿ ಕುಡಿದ. ಅದನ್ನು ನಾನು ಆವತ್ತು ನೋಡಿದೆ, ಆದರೆ ಅದರ ಅರ್ಥ ಏನೆಂದು ಆವತ್ತು ಕೇಳಿಕೊಳ್ಳಲಿಲ್ಲ. ನೀನೂ ಕೇಳಿಕೊಳ್ಳಲಿಲ್ಲ.

ಹನೂರಿನ ಸಲೂನಿನವರು ಕರೆದು ಉಳಿದರ್ಧ ಮಾಡಿಕೊಡುತ್ತೇವೆ ಎಂದರು. ಅವನು ಒಪ್ಪಲಿಲ್ಲ. ಊರಲ್ಲಿ ಬಿಟ್ಟದ್ದು ಊರಲ್ಲೇ ಆಗಬೇಕು ಎಂದ. ಆ ಅರ್ಧ ತಲೆ ಹೊತ್ತುಕೊಂಡೇ ಮೆರವಣಿಗೆಯಲ್ಲಿ ನಡೆದ. ನಾವು ಅವನನ್ನು ಮುಂದೆ ನಿಲ್ಲಿಸಿದೆವು. ತಲೆ ನಮ್ಮದು, ಕತ್ತರಿ ಯಾರದು ಎಂದು ಕೂಗಿದೆವು. ಯಳಂದೂರಿನಿಂದ, ಚಾಮರಾಜನಗರದಿಂದ ಸಂಗಾತಿಗಳು ಬಂದರು. ಪೇಪರಿನವರು ಅವನ ಫೋಟೋ ತೆಗೆದರು. ಯಾರಾದರೂ ಅವನ ತಲೆ ನೋಡಿ ನಕ್ಕರೆ ನೀನು ಕಾಲರ್ ಹಿಡಿಯುತ್ತಿದ್ದೆ. ಆ ನಟರಾಜುವನ್ನು ನಾನು ಕಟ್ಟಿಕೊಂಡದ್ದು.

ಆಮೇಲೆ ಶಾಂತಿ ಸಭೆ. ತಾಲ್ಲೂಕು ಕಚೇರಿಯ ಸಾಹೇಬರು ಬಂದರು, ಮೇಲೆ ಬರೆದ ಮಾತುಗಳನ್ನೆಲ್ಲ ಊರಿನವರ ಕೈಯಲ್ಲಿ ಕೊಡಿಸಿದರು. ಮಾರನೆಯ ದಿನ ಶಾಂತರಾಜುವಿನ ಶಟರ್ ಇಳಿಯಿತು. ರಿಪೇರಿ ಎಂದರು. ಅವನು ಪೆಟ್ಟಿಗೆ ಹಿಡಿದುಕೊಂಡು ಊರೊಳಗಿನ ಜಗಲಿಗಳಿಗೆ ಹೋಗಿ ಕಟಿಂಗ್ ಮಾಡತೊಡಗಿದ. ಅಂಗಡಿಯೇ ಇಲ್ಲ ಎಂದಮೇಲೆ ಯಾರನ್ನೂ ಹೊರಗಿಟ್ಟ ಹಾಗಾಗಲಿಲ್ಲ, ನೋಡು ಅವರ ಬುದ್ಧಿ.

ನಿನ್ನ ಬುದ್ಧಿ ಆಗಲೇ ಕೆಲಸ ಮಾಡಿದ್ದು. ನಮ್ಮ ಬೀದಿಯ ಭವನದಲ್ಲಿ ಸಭೆ ಕರೆದು, ಅವರ ಕತ್ತರಿಗೆ ಯಾಕೆ ಕಾಯಬೇಕು, ನಮ್ಮದೇ ಅಂಗಡಿ ಇಡೋಣ, ನಾನೇ ಕಲಿಯುತ್ತೇನೆ ಎಂದೆ. ಎಲ್ಲರಿಗಿಂತ ಜೋರಾಗಿ ಹೌದು ಎಂದವಳು ನಾನು. ಯಳಂದೂರಿನ ಸ್ನೇಹಿತನ ಸಲೂನಿನಲ್ಲಿ ಕೂತು ಕಲಿತೆ. ಮನೆಗೆ ಬಂದ ದಿನಗಳಲ್ಲಿ ನನ್ನ ಜಡೆ ಬಿಚ್ಚಿಸಿ, ತುದಿಯನ್ನು ಸಮ ಮಾಡುತ್ತಾ ಕೈ ಪಳಗಿಸಿದೆ. ಬ್ಲೌಸ್ ಹೊಲಿಯುವವಳು ನಾನು, ಕತ್ತರಿಯನ್ನು ಎಲ್ಲಿ ಹಿಡಿದರೆ ಬೆರಳಿಗೆ ನೋವಾಗುವುದಿಲ್ಲ ಎಂದು ನಿನಗೆ ತೋರಿಸಿದೆ. ಬಾಗಿಲು ತೆರೆದೇ ಇತ್ತು. ಹಾದು ಹೋಗುವವರು ಗಂಡನ ಮುಂದೆ ಕೂದಲು ಬಿಟ್ಟುಕೊಂಡು ಕೂತವಳೆ ನೋಡು ಎಂದು ಆಡಿಕೊಂಡರು. ನಾವು ನಕ್ಕೆವು. ಅಷ್ಟು ಸಂತೋಷ ಈ ಮನೆಯಲ್ಲಿ ಮತ್ತೆ ಕಾಣಲಿಲ್ಲ.

ಸಮಾನತಾ ಹೇರ್ ಕಟಿಂಗ್ ಎಂದು ಬೋರ್ಡು ಬರೆಸಿದೆವು. ಉದ್ಘಾಟನೆಗೆ ಸಾಹೇಬರು ಬಂದು ಟೇಪ್ ಕಟ್ ಮಾಡಿದರು. ಜೊತೆಯಲ್ಲಿ ಬಂದವನು ವೃಷಭೇಂದ್ರಪ್ಪ. ಅವನು ದೊಡ್ಡ ಕನ್ನಡಿಯೊಂದನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದಿದ್ದ. ನೀವು ನಿಮ್ ಕಾಲ್ ಮೇಲೆ ನಿಂತ್ಕಂಡ್ರಲ್ಲ, ನಂಗೆ ಬಾಳ ಸಂತೋಸ ಎಂದ. ನಮ್ಮ ಬೀದಿಯ ಯಜಮಾನ ರಾಚಯ್ಯ ಕೈ ಮುಗಿದು ಕನ್ನಡಿ ಇಸಿದುಕೊಂಡ. ನೀನೇ ಮೊಳೆ ಹೊಡೆದು ತೂಗು ಹಾಕಿದೆ.

ಆ ಕನ್ನಡಿಯಲ್ಲಿ ನಮಗೆ ಕಾಣಬೇಕಿತ್ತು, ಕಾಣಲಿಲ್ಲ. ಶಾಂತರಾಜು ಮಾರನೆಯ ವಾರವೇ ಶಟರ್ ಎತ್ತಿದ. ಇನ್ನು ಯಾರಾದರೂ ನಮ್ಮವರು ಅಲ್ಲಿ ಹೋಗಿ ಕೇಳಿದರೆ, ನಿಮಗೆ ನಿಮ್ಮ ಅಂಗಡಿ ಇದೆಯಲ್ಲ ಎಂದು ಹೇಳಿದರಾಯಿತು. ಅವರು ಎಷ್ಟು ತಲೆಮಾರಿನಿಂದ ಬಾಯಲ್ಲಿ ಹೇಳಿಕೊಂಡು ಬಂದಿದ್ದನ್ನು ನಾವೇ ಸಿಮೆಂಟು ಹಾಕಿ ಗೋಡೆ ಕಟ್ಟಿ ಕೊಟ್ಟೆವು. ಮೇಲೆ ಸಮಾನತೆ ಎಂದು ಬೋರ್ಡು ಬರೆಸಿದೆವು.

ಇಷ್ಟಕ್ಕೇ ಮುಗಿದಿದ್ದರೆ ದಡ್ಡರಾದೆವು ಎಂದು ಸುಮ್ಮನಿರುತ್ತಿದ್ದೆ. ದಡ್ಡತನ ಪಾಪವಲ್ಲ. ಪಾಪ ಅದೇ ದಿನ ಮಧ್ಯಾಹ್ನ ನಡೆದದ್ದು.

ಸಾಹೇಬರ ಜೀಪು ಹೋದಮೇಲೆ ಮಾದಸ್ವಾಮಿ ಬಂದ. ಒಗೆದ ಶರಟು, ಹೆಗಲ ಮೇಲೆ ಹೊಸ ಟವಲ್ಲು. ಅಷ್ಟು ಹೊತ್ತಿಗೆ ಅವನ ಬಲಗಡೆಯ ಕೂದಲು ಭುಜಕ್ಕೆ ಬಂದಿತ್ತು, ಎಡಗಡೆಯದು ಅದರ ಹಿಂದೆ ಹಿಂದೆ ಬೆಳೆಯುತ್ತಿತ್ತು. ನಗುತ್ತಾ ಮೆಟ್ಟಿಲು ಹತ್ತಿದ. ಕುರ್ಚಿ ಖಾಲಿ ಇತ್ತು. ಪಕ್ಕದ ಬೆಂಚಿನ ಮೇಲೆ ರಾಚಯ್ಯ ಕೂತಿದ್ದ. ರಾಚಯ್ಯ ನಿನ್ನ ಮುಖ ನೋಡಿದ, ಅಷ್ಟೇ. ನಾನು ಬಾಗಿಲ ಹೊರಗೆ ಉದ್ಘಾಟನೆಯ ಮಂಡಕ್ಕಿ ಹಂಚುತ್ತಿದ್ದೆ. ನೀನು ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬಿತ್ತು.

"ಮಾದಸ್ವಾಮಣ್ಣ, ಇವತ್ತು ರಶ್ ಅದೆ. ನಾಳೀಕೆ ಬಾ."

ಖಾಲಿ ಕುರ್ಚಿಯ ಹಿಂದೆ ನಿಂತು ಹೇಳಿದೆ. ಅವನು ಒಂದು ಗಳಿಗೆ ಕುರ್ಚಿ ನೋಡಿದ, ನಿನ್ನನ್ನು ನೋಡಿದ. ಆಮೇಲೆ ನಮ್ಮ ಕಡೆಯವರಿಗಿಂತ ನಯವಾಗಿ, ಆಯ್ತು ಕಣಪ್ಪ, ನಿಮ್ ಕೆಲ್ಸ ಮುಗುಸ್ಕಳಿ ಎಂದ. ಟವಲ್ಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಇಳಿದು ಹೋದ. ನಾನು ಮಂಡಕ್ಕಿ ಪೊಟ್ಟಣ ಚಾಚಿದರೆ, ಇರ್ಲಿ ಬುಡವ್ವ ಎಂದ. ವೃಷಭೇಂದ್ರಪ್ಪ ಎಳೆದು ಹಾಕಿದ ದಿನ ನಮ್ಮ ಮನೆಗೆ ಬಂದಾಗ ಅವನ ಕಣ್ಣಲ್ಲಿ ಸಿಟ್ಟಿತ್ತು. ಉದ್ಘಾಟನೆಯ ದಿನ ಸಿಟ್ಟೂ ಇರಲಿಲ್ಲ. ನಾವು ಅವನಿಂದ ಕಿತ್ತುಕೊಂಡದ್ದು ಅದನ್ನೇ.

ನಾಳೆ ಬಂದ. ನಾಳಿದ್ದೂ ಬಂದ. ಮತ್ತೆ ಬರಲಿಲ್ಲ.

ಮನೆಯಲ್ಲಿ ನಾನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ನೆನಪಿದೆಯಾ? ಕೆಳಗಿನ ಬೀದಿಯ ತಲೆ ಮುಟ್ಟಿದ ಕತ್ತರಿಯಲ್ಲಿ ನಮ್ಮವರು ಕಟಿಂಗ್ ಮಾಡಿಸಿಕೊಳ್ಳುವುದಿಲ್ಲ ಎಂದು ರಾಚಯ್ಯ ಮೊದಲೇ ಹೇಳಿಬಿಟ್ಟಿದ್ದಾನೆ, ಅಂಗಡಿ ನಿಂತುಕೊಳ್ಳಲಿ, ಆಮೇಲೆ ನಿಧಾನವಾಗಿ ಜನರ ಮನಸ್ಸು ತಿದ್ದೋಣ ಎಂದೆ. ನಿಧಾನವಾಗಿ. ಈ ಮಾತು ನಮಗೆ ಊರಿನವರು ಹೇಳಿದರೆ ನೀನು ಮೈಕು ಮುರಿಯುತ್ತಿದ್ದೆ. ಶಾಂತರಾಜು ತನ್ನ ಹೊಟ್ಟೆಗೆ ಹೆದರಿದ, ಅವನನ್ನು ನೀನು ಜಾತಿಯ ನಾಯಿ ಎಂದೆ. ನೀನು ಯಾವುದಕ್ಕೆ ಹೆದರಿದೆ?

ಮುಂದಿನದನ್ನು ನಾನು ಮಾಡಿದೆ. ಅದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪ ಇಲ್ಲ. ನೀನು ಬ್ಲೇಡು ತರಲು ಕೊಳ್ಳೇಗಾಲಕ್ಕೆ ಹೋಗಿದ್ದ ದಿನ ಕೆಳಗಿನ ಬೀದಿಗೆ ಹೋಗಿ ಮಾದಸ್ವಾಮಿಯನ್ನು ಕರೆದೆ. ಬ್ಯಾಡ ಕಣವ್ವ, ನಿಂಗೇ ತೊಂದ್ರೆ ಎಂದ. ನಾನು ಬಿಡಲಿಲ್ಲ. ಹಾಡುಹಗಲು, ಬಾಗಿಲು ತೆರೆದು, ಅದೇ ಕುರ್ಚಿಯ ಮೇಲೆ ಕೂರಿಸಿದೆ. ಬ್ಲೌಸ್ ಕತ್ತರಿಸಿದ ಕೈ, ಕೂದಲಿಗೆ ಒಗ್ಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬಂತು, ಒಂದು ಕಡೆ ಕಿವಿಗೆ ಗೀರಿ ರಕ್ತವೂ ಬಂತು. ಅವನು ಕನ್ನಡಿಯಲ್ಲಿ ತನ್ನನ್ನು ನೋಡಲೇ ಇಲ್ಲ. ಬಾಗಿಲ ಕಡೆಯೇ ನೋಡುತ್ತಿದ್ದ. ಬಾಗಿಲಲ್ಲಿ ಆಗಲೇ ನಮ್ಮ ಬೀದಿಯ ಜನ ನಿಂತಿದ್ದರು. ಒಬ್ಬರೂ ಒಳಗೆ ಬರಲಿಲ್ಲ, ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನದಿಂದ ಆ ಕುರ್ಚಿಯ ಮೇಲೆ ಯಾರೂ ಕೂರಲಿಲ್ಲ. ನಮ್ಮವರು ಮತ್ತೆ ಹನೂರಿನ ಬಸ್ಸು ಹಿಡಿದರು. ನನಗೆ ಹೊಲಿಯಲು ಬಂದ ಬಟ್ಟೆಗಳನ್ನು ಹೆಂಗಸರು ವಾಪಸ್ ಇಸಿದುಕೊಂಡು ಹೋದರು. ಕತ್ತರಿಸಿ ಇಟ್ಟಿದ್ದ ತೋಳು, ಬೆನ್ನು, ಎದೆಯ ತುಂಡುಗಳನ್ನೂ ಹಾಗೇ ಗಂಟು ಕಟ್ಟಿಕೊಂಡು ಹೋದರು. ಆಮೇಲೆ ರೂಪಳಿಗೆ ಗೊತ್ತು ಮಾಡಿದ್ದ ಮುಳ್ಳೂರಿನ ಗಂಡಿನ ಮನೆಯವರು ಹೇಳಿ ಕಳಿಸಿದರು. ಅಣ್ಣ ಕೂದಲು ಕತ್ತರಿಸುವವನು, ಅತ್ತಿಗೆ ಕೆಳಗಿನ ಬೀದಿಯವರ ತಲೆ ಹಿಡಿಯುವವಳು, ಆ ಮನೆಯ ಹೆಣ್ಣು ಬೇಡ ಎಂದು. ಅವರೂ ನಮ್ಮವರೇ. ಅವರ ಮನೆಯ ಗೋಡೆಯ ಮೇಲೂ ಬಾಬಾಸಾಹೇಬರ ಪಟ ಇದೆ, ಹೂವು ಹಾಕುತ್ತಾರೆ.

ಆ ಸಂಜೆ ನೀನು ಏನು ಮಾಡಿದೆ ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅತ್ತೆ ನೋಡಿದ್ದಾಳೆ, ಅವಳೂ ಹೇಳಿಲ್ಲ. ನೀನು ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು, ಅಷ್ಟು ಆಸೆ ಇದ್ದರೆ ನೀನೂ ಒಂದು ಕಟಿಂಗ್ ಮಾಡಿಸ್ಕೋ ಎಂದು, ಕತ್ತಿನ ಹತ್ತಿರಕ್ಕೆ ಕತ್ತರಿಸಿ ಒಲೆಗೆ ಹಾಕಿದೆ. ಆ ವಾಸನೆಗೆ ರೂಪ ಮನೆಯಿಂದ ಎದ್ದು ಹೊರಗೆ ಹೋದಳು. ಮಾರನೆಯ ಬೆಳಗ್ಗೆ ನೀನು ತಿರುಪ್ಪೂರಿನ ಬಸ್ಸು ಹತ್ತಿದೆ. ಅಂದಿನಿಂದ ತಲೆಯ ಮೇಲೆ ಸೆರಗು ಹೊದ್ದು ಓಡಾಡುತ್ತಿದ್ದೇನೆ. ಜನ ಕುಸುಮಂಗೆ ಈಗ ನಾಚ್ಕೆ ಬಂದದೆ ಅನ್ನುತ್ತಾರೆ. ಇದನ್ನು ನಾನು ಯಾವ ಸಭೆಗೂ ಒಯ್ಯುವುದಿಲ್ಲ. ಇದು ನನಗೂ ನಿನಗೂ ಸೇರಿದ್ದು. ನಾನು ಬರೆಯಲು ಕೂತದ್ದು ಮಾದಸ್ವಾಮಿಗೆ ಸೇರಿದ್ದರ ಬಗ್ಗೆ.

ಈಗ ನಡೆಯುತ್ತಿರುವುದು ಇಷ್ಟು. ವೃಷಭೇಂದ್ರಪ್ಪನ ಮೇಲೆ ಮಾದಸ್ವಾಮಿ ಕೊಟ್ಟ ದೂರು ಇನ್ನೂ ಜೀವಂತ ಇದೆ. ಅದನ್ನು ಮುಗಿಸಲು ವೃಷಭೇಂದ್ರಪ್ಪನೂ ರಾಚಯ್ಯನೂ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. ಎಷ್ಟು ವರ್ಷದ ಹೋರಾಟದಲ್ಲಿ ಆಗದಿದ್ದ ಸಹಪಂಕ್ತಿ ಇದಕ್ಕೆ ಆಯಿತು. ಸಾಹೇಬರನ್ನು ಮತ್ತೆ ಊರಿಗೆ ಕರೆಸುತ್ತಾರೆ. ಈ ಊರಿನಲ್ಲಿ ಯಾರಿಗೂ ಕಟಿಂಗಿಗೆ ಅಡ್ಡಿಯಿಲ್ಲ, ಎಲ್ಲರಿಗೂ ಅಂಗಡಿ ಇದೆ ಎಂದು ಎದ್ದು ನಿಂತು ಹೇಳುವವನು ಒಬ್ಬ ಬೇಕು. ಹೋರಾಟ ಮಾಡಿದವನೇ, ಅಂಗಡಿ ಇಟ್ಟವನೇ ಹೇಳಿದರೆ ಸಾಹೇಬರಿಗೂ ನೆಮ್ಮದಿ. ಹಾಗಾಗಿ ನೀನು. ಹೇಳಿದರೆ ನಿನ್ನ ಅಂಗಡಿ ಮತ್ತೆ ತೆರೆಯುತ್ತದೆ, ನಮ್ಮ ಬೀದಿ ಮತ್ತೆ ಬಂದು ಕೂರುತ್ತದೆ, ಮುಳ್ಳೂರಿನವರನ್ನು ರಾಚಯ್ಯ ಒಪ್ಪಿಸುತ್ತಾನೆ. ನೀನು ಫೋನಿನಲ್ಲಿ ಆಗಲಿ ಎಂದಿದ್ದೀಯ. ರಾಚಯ್ಯನ ಫೋನು ನಿನಗೆ ಮಷೀನಿನ ಸದ್ದಿನಲ್ಲೂ ಕೇಳಿಸಿತು.

ಇದು ನನಗೆ ಗೊತ್ತಾದದ್ದು ರೂಪಳಿಂದ. ತಿಂಗಳಾದ ಮೇಲೆ ಅವಳು ನನ್ನೊಡನೆ ಆಡಿದ ಮಾತು ಅದೊಂದೇ. ಅಣ್ಣ ಬಂದು ಹೇಳಿ ಮು‌ಗಿಸುತ್ತಾನೆ, ಆ ದಿನ ನೀವು ಬಾಯಿ ತೆರೆಯಬೇಡಿ ಎಂದಳು. ಅವಳು ಬಾಗಿಲಿಗೆ ಹೋದವಳು ತಿರುಗಿ ನಿಂತು, "ನಿಮ್ ಚಳವಳಿಗೆ ನನ್ ಮದ್ವೇನೇ ಆಗ್ಬೇಕಿತ್ತಾ ಅತ್ಗೆ?" ಎಂದಳು.

ನಾನು ಕಲ್ಲಲ್ಲ ನಟರಾಜು. ಅವಳಿಗೆ ಆ ಹುಡುಗ ಇಷ್ಟ. ಅವನು ಕೊಡಿಸಿದ ವಾಚನ್ನು ಇನ್ನೂ ಕಟ್ಟಿಕೊಳ್ಳುತ್ತಾಳೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಅವಳ ಪ್ರಶ್ನೆಗೆ ಭಾಷಣದಲ್ಲಿ ಹೇಳುವ ಉತ್ತರ ಇದೆ, ಅದನ್ನು ಒಂದೇ ಸೂರಿನ ಕೆಳಗೆ ಉಣ್ಣುವ ಹುಡುಗಿಗೆ ಹೇಳಲಾಗುವುದಿಲ್ಲ. ಅವಳ ಮದುವೆಯನ್ನು ಒತ್ತೆ ಇಟ್ಟುಕೊಂಡವರು ಯಾರು ಎಂದು ಅವಳು ಒಂದು ದಿನ ತಿಳಿಯುತ್ತಾಳೆ ಎಂದು ಬರೆಯೋಣ ಅನ್ನಿಸಿತು. ತಿಳಿಯುತ್ತಾಳೋ ಇಲ್ಲವೋ, ನನಗೆ ನಂಬಿಕೆ ಇಲ್ಲ. ಈಗ ಯಾವುದರ ಮೇಲೂ ಅಷ್ಟು ನಂಬಿಕೆ ಇಲ್ಲ.

ಒಂದು ಕಾಲದಲ್ಲಿ ನಾವು ಅಂದುಕೊಂಡಿದ್ದೆವು, ಮೇಲಿನವರ ಕಾಲು ನಮ್ಮ ತಲೆಯ ಮೇಲಿಂದ ಇಳಿದರೆ ಸಾಕು, ನಾವು ನೆಟ್ಟಗೆ ನಿಲ್ಲುತ್ತೇವೆ ಎಂದು. ಕಾಲು ಇಳಿಯಲಿಲ್ಲ. ಇಳಿಯುವ ಮೊದಲೇ ನಮ್ಮ ಕಾಲ ಕೆಳಗೆ ಇನ್ನೊಂದು ತಲೆ ಇದೆ ಎಂದು ತಿಳಿಯಿತು. ತಿಳಿದ ಮೇಲೂ ನಾವು ಕಾಲು ತೆಗೆಯಲಿಲ್ಲ. ಇದನ್ನು ಯಾವ ಮೈಕಿನಲ್ಲಿ ಕೂಗುವುದು? ಯಾವ ಕಚೇರಿಯ ಮುಂದೆ ಧರಣಿ ಕೂರುವುದು? ನಮ್ಮ ಬೀದಿಯ ತುದಿಯಲ್ಲಿ ಕೂತರೆ ನನ್ನ ಜೊತೆ ಕೂರುವವರು ಯಾರು?

ನಾನು ಕೇಳುವುದು ಇಷ್ಟೇ. ಬಾ. ಬಂದು ನಿಂತು ನಡೆದದ್ದನ್ನು ಹೇಳು. ವೃಷಭೇಂದ್ರಪ್ಪ ಎಳೆದು ಹಾಕಿದ, ನಾನು ನಾಳೆ ಬಾ ಎಂದೆ, ಎರಡೂ ಒಂದೇ ಎಂದು ನಿನ್ನ ಬಾಯಿಂದಲೇ ಹೇಳು. ಅಂಗಡಿ ಹೋದರೆ ಹೋಗಲಿ. ಬಟ್ಟೆ ಕತ್ತರಿಸಿ ನಾನು ಸಾಕುತ್ತೇನೆ, ನಮ್ಮೂರಿನವರು ಕೊಡದಿದ್ದರೆ ಹನೂರಿನಲ್ಲಿ ಮಷೀನು ಇಡುತ್ತೇನೆ. ನೀನು ಅಷ್ಟು ಹೇಳಿದರೆ ಮಿಕ್ಕಿದ್ದನ್ನು ನಾನು ನುಂಗಿಕೊಳ್ಳುತ್ತೇನೆ. ಒಲೆಗೆ ಬಿದ್ದದ್ದನ್ನೂ.

ನೀನು ಹೇಳುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ. ಚಳವಳಿ ನನಗೆ ಕಲಿಸಿದ್ದರಲ್ಲಿ ಕೊನೆಗೆ ಉಳಿದದ್ದು ಇದೊಂದು, ಸಿಗುವುದಿಲ್ಲ ಎಂದು ಗೊತ್ತಿದ್ದೂ ಅರ್ಜಿ ಕೊಡುವುದು.

ಅತ್ತೆ ಪಕ್ಕದಲ್ಲೇ ಕೂತಿದ್ದಾಳೆ. ಏನ್ ಬರೀತಿದ್ದೀಯೆ ಎಂದಳು, ನಿಮ್ಮ ಮಗನಿಗೆ ಎಂದೆ. ಮಂಡಿ ನೀವಿಕೊಳ್ಳುತ್ತಾ, "ಉಂಡ್ನಾ ಅಂತ ಕೇಳ್ ಬರಿ" ಎಂದಳು. ಬರೆದಿದ್ದೇನೆ.

ಇನ್ನೂ ನಿನ್ನ ಹೆಂಡತಿ ಅನ್ನಿಸಿಕೊಂಡಿರುವ,
ಕುಸುಮ

ಸಹಿ ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಮೇಲೆ ಬರೆಯಲು ಕೈ ಏಳಲಿಲ್ಲ. ಮಾದಸ್ವಾಮಿ ರಾಜಿಗೆ ಒಪ್ಪಿಬಿಟ್ಟಿದ್ದಾನೆ. ಹೋದ ಶುಕ್ರವಾರವೇ. ಗ್ಯಾಂಗಿಗೆ ಮತ್ತೆ ಕಬ್ಬಿನ ಕೆಲಸ ಕೊಡುತ್ತಾರಂತೆ. ನಾನು ಅವನ ಮನೆಗೆ ಹೋಗಿ ಕೇಳಿದೆ. "ಬುಟ್ಬುಡವ್ವ, ಕೂದ್ಲು ಎಂಗೂ ಬೆಳ್ಕತದೆ. ನನ್ ದೆಸೆಯಿಂದ ನಿಮ್ ಮನೆ ಮುರೀತು, ಅದೇ ನಂಗೆ ಸಂಕ್ಟ" ಎಂದ. ನಿನ್ನ ಮೇಲೆ ಅವನಿಗೆ ಕೋಪವೂ ಇಲ್ಲವಂತೆ. ಸಭೆಯಲ್ಲಿ ನೀನು ಸುಳ್ಳು ಹೇಳಿದರೆ ಅವನು ಹೌದೆಂದು ತಲೆ ಆಡಿಸುತ್ತಾನೆ. ಅಂದಮೇಲೆ ನಡೆದದ್ದನ್ನು ಹೇಳಲು ಉಳಿದವಳು ನಾನೊಬ್ಬಳೇ. ಕೇಳಿದವಳು ನಾನು, ನೋಡಿದವಳು ನಾನು. ಮೊದಲು ವೃಷಭೇಂದ್ರಪ್ಪನ ಹೆಸರು ಹೇಳುತ್ತೇನೆ, ಆಮೇಲೆ ರಾಚಯ್ಯನ ಹೆಸರು, ಆಮೇಲೆ ನಿನ್ನ ಹೆಸರು. ನಿನ್ನ ಬೆನ್ನ ಹಿಂದೆ ಹೇಳಿದಳು ಎಂದು ಆಗಬಾರದು, ಅದಕ್ಕೇ ತಿಳಿಸುತ್ತಿದ್ದೇನೆ. ಸಭೆ ಇರುವುದು ಇದೇ ತಿಂಗಳು ಇಪ್ಪತ್ತಮೂರು, ಸೋಮವಾರ, ಶಾಲೆಯ ಜಗಲಿ, ಬೆಳಗ್ಗೆ ಹನ್ನೊಂದು ಗಂಟೆ.